ಬೋಣಿಗೆ ಮುಂಚಿನ ತಕರಾರು

ಕಾರ್ತಿಕದ ಚಳಿ. ಬೆಳಿಗ್ಗೆ ಎಂಟರ ಹೊತ್ತಿಗೆ ಮಂಡಿಪೇಟೆಯ ಮಂಡಕ್ಕಿ ಅಂಗಡಿಯಲ್ಲಿ ಕಲ್ಲೇಶಪ್ಪನವರು ಊದಿನಕಡ್ಡಿ ಹಚ್ಚುತ್ತಿದ್ದಾಗ ಹರಿಹರದಿಂದ ಕಮಲಕ್ಕನ ಫೋನ್ ಬಂತು. ಬಸ್‌ಸ್ಟ್ಯಾಂಡ್ ಹತ್ತಿರ ಮಿರ್ಚಿ ಮಂಡಕ್ಕಿ ಮಾರುವ ಹೆಂಗಸು. ನಿಮ್ಮ ಹೊಸ ವೆಬ್‌ಸೈಟಿನಲ್ಲಿ ಆರ್ಡರ್ ಒತ್ತಿದರೆ ನಿನ್ನೆಯಿಂದ ಬರೀ ಚಕ್ರ ತಿರುಗುತ್ತಿದೆ, ಸಂಜೆ ಗಿರಾಕಿಗಳಿಗೆ ನಾನು ಆ ಚಕ್ರವನ್ನೇ ಕಲಸಿ ಕೊಡಲೇ ಎಂದು ಚೆನ್ನಾಗಿ ಬೈದಳು.

ಸೈಟು ಕಟ್ಟಿದವಳು ಸೊಸೆ ಆಶಾರಾಣಿ. ಕಾಲೇಜಿನಲ್ಲಿ ಕಲಿತ ಪರ್ಲ್ ಎಂಬ ಕಂಪ್ಯೂಟರ್ ಭಾಷೆ ಮರೆತುಹೋಗಬಾರದೆಂದು ಮನೆಗೆಲಸದ ನಡುವೆ ಕೂತು ಬರೆದಿದ್ದಳು. ಇವತ್ತು ಸರಿಯಾಗದಿದ್ದರೆ ಅದನ್ನು ಮುಚ್ಚಿ ಮೊದಲಿನಂತೆ ಫೋನಿನಲ್ಲೇ ವ್ಯಾಪಾರ ಎಂದು ಮಾವ ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದನ್ನು ಅವರು ಬದಲಿಸಿದವರಲ್ಲ.

ಆಶಾರಾಣಿ ಲ್ಯಾಪ್‌ಟಾಪ್ ತೆರೆದು ಲಾಗ್ ನೋಡಿದಳು. ಎಲ್ಲಿ ಕೆಟ್ಟಿತೆಂದು ಸೈಟು ತಾನೇ ಬರೆದಿಡುವ ಜಾಗ ಅದು. ಖಾಲಿ. ಸೈಟಿಗೆ ಜೋಡಿಸಿದ ಪ್ಲಗಿನ್‌ಗಳನ್ನೆಲ್ಲ ತಿರುವಿ ನೋಡಿದಳು. ಎಲ್ಲವೂ ಇದ್ದಲ್ಲೇ ಇದ್ದವು. ತಾನು ಬರೆದದ್ದನ್ನೇ ಮೊದಲಿಂದ ಓದುತ್ತಾ ಹೋದವಳು ಹಣೆ ಬಡಿದುಕೊಂಡು ನಕ್ಕಳು.

"ಮಾವಾರೆ, ಬೋಣಿ ಆಗೋ ತನಕ ತಕರಾರಿನ ಮಾತು ಅಂಗಡ್ಯಾಗೆ ಬರಬಾರ್ದು ಅಂದಿದ್ರಲ್ಲ. ಅದಕ್ಕೇ ದಿನದ ಮೊದಲ್ನೇ ಆರ್ಡರ್ ಬರೋ ತನಕ ಲಾಗ್ ಏನೂ ಬರೀಬಾರ್ದು ಅಂತ ನಾನೇ ಇಟ್ಟಿದ್ದೆ. ಈಗ ಆರ್ಡರೇ ಬರವಲ್ದು. ಪಾಪ, ಅದು ಹೆಂಗೆ ಬಾಯಿ ಬಿಡ್ಬೇಕು?"

ಕಲ್ಲೇಶಪ್ಪನವರು ಗಲ್ಲಾಪೆಟ್ಟಿಗೆ ಕಡೆ ನೋಡಿದರು, ಊದಿನಕಡ್ಡಿ ಕಡೆ ನೋಡಿದರು. ಇದು ಅವರ ಅಜ್ಜನ ಕಾಲದ ಕಟ್ಟಳೆ.

"ಕಮಲಕ್ಕ ಆಗ್ಲೇ ಬೈದಾಯ್ತು. ಅದೂ ಒಂದಿಷ್ಟು ಬೈಲಿ ಬಿಡವ್ವ."

ಆ ತಡೆ ತೆಗೆದದ್ದೇ ತಡ, ಲಾಗ್ ಸಾಲುಸಾಲಾಗಿ ದೂರತೊಡಗಿತು. ಮೊನ್ನೆ ಆಶಾರಾಣಿ ಸೈಟಿನ ಸರ್ವರ್ ಬದಲಿಸಿದ್ದಳು; ದಾಸ್ತಾನು ನೋಡುವ ಹಳೇ ಪ್ಲಗಿನ್ ಅದಕ್ಕೆ ಹೊಂದುತ್ತಿರಲಿಲ್ಲ. ಹೊಸದನ್ನು ಹಾಕಿ, ಇನ್ನೊಮ್ಮೆ ಒತ್ತಲು ಕಮಲಕ್ಕನಿಗೆ ಹೇಳಿದಳು. ಪರದೆಯ ಮೇಲೆ ಆರ್ಡರ್ ಬಿತ್ತು.

ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಳ್ಳುವುದು ಕಲ್ಲೇಶಪ್ಪನವರ ರೂಢಿ. ನೋಟು ಎಲ್ಲಿದೆ? ಲ್ಯಾಪ್‌ಟಾಪನ್ನೇ ಎತ್ತಿ ಒತ್ತಿಕೊಂಡರು. ಹಣೆಯ ವಿಭೂತಿ ಪರದೆಗೆಲ್ಲ ಮೆತ್ತಿಕೊಂಡಿತು.

ಮಧ್ಯಾಹ್ನ ಖಾಜಾ ಹುಸೇನರ ಲಗೇಜ್ ಆಟೋ ಕಮಲಕ್ಕನ ಮಂಡಕ್ಕಿ ಚೀಲ ಹೇರಿಕೊಂಡು ನಿಂತಾಗ ಸೊಸೆಯನ್ನು ಗಲ್ಲಾದ ಮೇಲೆ ಕೂರಿಸಿ ಕಲ್ಲೇಶಪ್ಪನವರೂ ಹತ್ತಿದರು. ಸೈಟಿನ ಬಗ್ಗೆ ಕಮಲಕ್ಕನಿಗೆ ಇನ್ನೂ ಏನೇನು ತಕರಾರಿದೆಯೋ ಎದುರಿಗೇ ಕೂತು ಕೇಳಿ ಬರುತ್ತಾರಂತೆ. ಹೇಗೂ ಬೋಣಿ ಆಗಿತ್ತಲ್ಲ, ಹರಿಹರಕ್ಕೆ ಹೊರಟೇಬಿಟ್ಟರು.