ಬಿಸಿಲೆಯ ಲೆಕ್ಕದ ಕ್ಯಾಸೆಟ್

"ಈ ಹುಡುಗೀನೂ ಬೇಡ" ಅಂದುಬಿಟ್ಟ ದೇವೇಂದ್ರ.

ಇದು ಮೂರನೆಯದು. ಸರೋಜಮ್ಮ ಕೈಲಿದ್ದ ಸೌಟನ್ನು ಎತ್ತಿ ಹಿಡಿದರು. ಮಗನಿಗೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ. ವಯಸ್ಸು ಮೂವತ್ತೊಂದು. ನೆತ್ತಿಯ ಕೂದಲು ಆಗಲೇ ಕೆಲಸ ಬಿಟ್ಟು ಹೋಗುತ್ತಿದೆ. ಇವನಿಗೆ ಇನ್ನೆಂಥ ಹೆಣ್ಣು ಬೇಕು?

"ನಂಗೆ ಬಿಸಿಲೆ ಕ್ಯಾಸೆಟ್ ಹುಡುಗಿ ಬೇಕು ಕಣವ್ವ."

"ಮುಖ ನೋಡಿದ್ಯೇನೋ?"

"ದನಿ ಕೇಳಿದೀನಿ."

"ದನಿ ಬಂದು ಮುದ್ದೆ ತಿರುವ್ತದಾ? ಆಲೂರಿನ ಹೆಣ್ಣಿನೋರಿಗೆ ಶುಕ್ರವಾರ ಕಡೇ ಮಾತು ಹೇಳ್ಬೇಕು. ಅಷ್ಟರೊಳಗೆ ನಿನ್ನೋಳು ಯಾರು ಅಂತ ತೋರ್ಸು. ಇಲ್ಲಾಂದ್ರೆ ಬಾಯ್ಮುಚ್ಕೊಂಡು ಇವಳಿಗೇ ತಾಳಿ ಕಟ್ಟು."

1997. ಆ ಕ್ಯಾಸೆಟ್ಟಿಗೆ ಅವರೂರು ಯಸಳೂರಿನ ಅರ್ಧ ಜನವೇ ಮರುಳಾಗಿತ್ತು. ಪ್ರತಿ ಗುರುವಾರ ಬಿಸಿಲೆ ಕಡೆಯ ಬಸ್ಸಿನ ಕಂಡಕ್ಟರ್ ಅದನ್ನು ತಂದು ಚಂದ್ರಯ್ಯನ ಹೋಟೆಲಿಗೆ ಕೊಡುತ್ತಿದ್ದ. ಚಂದ್ರಯ್ಯ ತನ್ನ ಕರೆಂಟಿನ ಟೇಪ್‌ರೆಕಾರ್ಡರಿಗೆ ಹಾಕುತ್ತಿದ್ದ. ಎಳೆಯ ದನಿ, ಚಟಪಟ ಮಾತು.

"ನಮಸ್ಕಾರ. ತಲೆ ಐತಾ? ಇದ್ರೆ ಕೇಳಿ. ಎಸ್ಟೇಟಿನ ಲೈನ್ ಮನೆಗಳ ಹತ್ತು ಹೆಂಗಸರು ಒಬ್ಬರಿಗೊಬ್ಬರು ಒಂದೊಂದ್ಸಲ ಬೈದರೆ ಒಟ್ಟು ಬೈಗುಳ ಎಷ್ಟು?"

ಹಿಂದೆ ಎಲ್ಲೋ ಒಂದು ಎಳೆಗರು ಕೂಗುತ್ತಿತ್ತು.

"ನೂರು!" ಎಂದು ಹೋಟೆಲಿಡೀ ಅರಚಿತ್ತು.

"ತೊಂಬತ್ತು ಕಣ್ರೋ ದಡ್ರಾ! ತಮಗೆ ತಾವೇ ಯಾರು ಬೈಕೊಳ್ತಾರೆ?" ಎಂದಿದ್ದ ದೇವೇಂದ್ರ. ಮುಂದಿನ ವಾರ ಆ ದನಿಯೂ ತೊಂಬತ್ತೆಂದೇ ಹೇಳಿತು. ಅವನ ಮನಸ್ಸು ಅವತ್ತೇ ಜಾರಿದ್ದು.

ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಬಿಸಿಲೆ ಬಸ್ಸು ಹತ್ತಿದ. ಕ್ಯಾಸೆಟ್ ಮನೆ ಯಾವುದೆಂದು ಬಸ್ ಇಳಿದಲ್ಲೇ ತೋರಿಸಿದರು. ಅಂಗಳದಲ್ಲಿ ಲಿಂಗಪ್ಪ ಎಂಬ ಅರವತ್ತರ ಮನುಷ್ಯ ಹಳೆಯ ಸೆಲ್ಲುಗಳನ್ನು ಹೆಂಚಿನ ಮೇಲೆ ಬಿಸಿಲಿಗೆ ಒಣಗಿಸುತ್ತಿದ್ದ. ಪಕ್ಕದಲ್ಲಿ ಟೇಪ್‌ರೆಕಾರ್ಡರ್. ಸೆಲ್ಲಿನ ಶಕ್ತಿ ಸಾಲದೆ ಅದರ ಚಕ್ರ ತೂಕಡಿಸುತ್ತ ತಿರುಗುತ್ತಿತ್ತು. ಕೊಟ್ಟಿಗೆಯಲ್ಲಿ ಒಂದು ಮುದಿ ಎತ್ತು ಬಿಟ್ಟರೆ ಇನ್ನೇನಿಲ್ಲ. ಹುಡುಗಿ ಕರು ಹೊಡೆದುಕೊಂಡು ಮೇಯಿಸಲು ಹೋಗಿದ್ದಾಳೆ ಎಂದುಕೊಂಡ ದೇವೇಂದ್ರ.

"ಲೆಕ್ಕದ ಕ್ಯಾಸೆಟ್ ಬರೋದು ಈ ಮನೆಯಿಂದಾನಾ, ಯಜಮಾನ್ರೇ?"

"ಹೂಂ... ಇಲ್ಲಿಂದಾನೇ."

ಬಾವಿಯ ತಳದಿಂದ ಬಂದಂಥ ದನಿ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಬೀಡಿ ಸೇದಿ ಮುಗಿಸಬಹುದು. ಇಂಥ ಅಪ್ಪನಿಗೆ ಅಂಥ ಮಗಳೇ!

"ಮನೇಲಿ... ಮದುವೆ ಮಾತು ಏನಾದ್ರೂ ನಡೀತಾ ಐತಾ?"

ಲಿಂಗಪ್ಪ ನಾಚಿಕೊಂಡ. "ಈ ಮನೇಲಿ... ಲೆಕ್ಕಾನೇ ಸಂಸಾರ ಕಣಪ್ಪ. ಕೇಳ್ಕಂಡು... ಯಾರೂ ಬಂದೇ ಇಲ್ಲ."

ದೇವೇಂದ್ರನಿಗೆ ಅಂಗಳದಲ್ಲೇ ಕುಣಿಯುವಂತಾಯಿತು. ನಾನು ಬಂದಿದ್ದೀನಲ್ಲ ಅನ್ನಲು ಹೋಗಿ, ಅಂಗಿಯ ಗುಂಡಿ ಹಿಡಿದು ಮಾತು ತಿರುಗಿಸಿದ.

"ಕ್ಯಾಸೆಟ್ ಕೆಲಸಕ್ಕೆ ಏನಾದ್ರೂ ಬೇಕಾ?" ಅಂದ.

ಲಿಂಗಪ್ಪ ಹೆಂಚಿನ ಕಡೆ ನೋಡಿದ. ಅಷ್ಟು ಸಾಕಾಯಿತು. ದೇವೇಂದ್ರ ಅಂಗಡಿಗೆ ಓಡಿ ನಾಲ್ಕು ಹೊಸ ಸೆಲ್ ತಂದು ಅವನ ಕೈಗಿಟ್ಟ.

"ಈ ವಾರದ್ದು ಇದರಲ್ಲೇ ಮಾಡ್ಲಿ. ನಮ್ಮವ್ವಾನೂ ಕೇಳ್ತಾರೆ."

ಗುರುವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರೋಜಮ್ಮ ರೇಷ್ಮೆ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಸೊಸೆಯ ಮಾತು ಕೇಳಿ ಎಂದು ಚಂದ್ರಯ್ಯ ಅವರಿಗೆ ಪುಕ್ಕಟೆ ಕಾಫಿ ಕೊಟ್ಟ. ಆಮೇಲೆ ಗುಂಡಿ ಒತ್ತಿದ.

ಮೊದಲು ಕೇಳಿದ್ದು ಎಳೆಗರುವಲ್ಲ, ಹೋಟೆಲಿನ ಲೋಟ ಅದುರುವಂತೆ ಒಂದು ಮುದಿ ಎತ್ತಿನ ಕೂಗು.

"ನಮಸ್ಕಾರ... ತಲೆ ಐತಾ...? ಯಸಳೂರಿನ ಹುಡುಗ... ಹೊಸ ಸೆಲ್ ಕೊಡ್ಸವ್ನೆ... ಹಳೇ ಸೆಲ್ನಲ್ಲಿ ಚಕ್ರ ತೂಕಡಿಸಿ... ನಿಮ್ಮಲ್ಲಿ ಮಾತೆಲ್ಲ ಓಡ್ತಿತ್ತಂತೆ... ಇವತ್ತಾದ್ರೂ ನನ್ ದನಿ... ಸರ್ಯಾಗಿ ಕೇಳ್ತಾ ಐತಾ?"