ಎರಡೂ ಕಡೆಯ ತಾತ

ಮುನಿಯಲ್ಲಪ್ಪ ಮತ್ತೆ ಸೆಂಟು ಹಾಕಿಕೊಂಡ. ಈ ತಿಂಗಳಲ್ಲಿ ಎಂಟನೇ ಸಲ.

ಹೆಂಡತಿ ಗಂಗರತ್ನಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ನಡುಗುವ ಬೆರಳುಗಳಲ್ಲಿ ರೇಷ್ಮೆ ಅಂಗಿಯ ಗುಂಡಿ ಹಾಕಲು ಅವನಿಗೆ ಕಾಲು ಗಂಟೆ ಹಿಡಿಯಿತು.

"ಎಲ್ಲಿಗೆ?"

"ಕೋಲಾರಕ್ಕೆ. ಸಂಜೆಗೆ ಬರ್ತೀನಿ ಕಣೇ."

ಅರವತ್ತೆಂಟು ವಯಸ್ಸು. ಪಾರ್ಕಿನ್ಸನ್ ಬಂದು ನಾಲ್ಕು ವರ್ಷ. ಯುಗಾದಿ ಹೊತ್ತಿಗೆ ತೂಕ ನಲವತ್ತಾರಕ್ಕೆ ಇಳಿದಿತ್ತು. ಡಾಕ್ಟರ್ ಶ್ರೀಧರ್ ಗದರಿದ್ದರು: "ತಿಂದಿದ್ದನ್ನೆಲ್ಲ ಈ ನಡುಕವೇ ಕರಗಿಸಿಬಿಡುತ್ತೆ ಯಜಮಾನ್ರೇ. ಇನ್ನೂ ಇಳಿದ್ರೆ ಟ್ಯೂಬಲ್ಲಿ ಊಟ ಹಾಕ್ಬೇಕಾಗುತ್ತೆ."

ಅವತ್ತಿನಿಂದ ಗಂಗರತ್ನಮ್ಮ ಮುದ್ದೆಗೆ ತುಪ್ಪ ಸುರಿದಳು, ಗಂಜಿಗೆ ಕಡಲೆಬೀಜದ ಪುಡಿ ಬೆರೆಸಿದಳು. ಅವನು ನಾಲ್ಕು ತುತ್ತಿಗೇ ಏಳುತ್ತಿದ್ದ. ತಟ್ಟೆಯ ಸುತ್ತ ಚೆಲ್ಲಿದ್ದನ್ನು ಮನೆಮಂದಿಯೆಲ್ಲ ನೋಡುತ್ತಿದ್ದರೆ ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ.

ಈಗ ಎರಡೇ ತಿಂಗಳಲ್ಲಿ ಮೂರು ಕೆ.ಜಿ. ಏರಿದ್ದಾನೆ. ಮನೆಯಲ್ಲಿ ತಿನ್ನದವನು ಎಲ್ಲಿ ತಿಂದ? ಬಡಿಸಿದವಳು ಯಾರು? ಅವನು ಸೆಂಟು ಹಾಕಿ ಹೊರಟ ದಿನಗಳಲ್ಲೇ ಡಾಕ್ಟರಿಗೆ ದೂರು ಹೇಳಲು ಎರಡು ಸಲ ಫೋನ್ ಮಾಡಿದ್ದಳು. "ಡಾಕ್ಟ್ರು ಇವತ್ತು ರಜ" ಎಂಬ ಉತ್ತರವೇ ಎರಡು ಸಲವೂ ಬಂದಿತ್ತು.

ಇವತ್ತು ಅವನು ಹತ್ತಿದ ಬಸ್ಸನ್ನೇ ಹಿಂದಿನ ಬಾಗಿಲಿಂದ ಅವಳೂ ಹತ್ತಿದಳು. ಕೋಲಾರದಲ್ಲಿ ಇಳಿದವನು ನೆಟ್ಟಗೆ ಒಂದು ಕಲ್ಯಾಣ ಮಂಟಪದೊಳಗೆ ಹೋದ. ಇವಳು ಊಟದ ಹಾಲ್ ಹುಡುಕಿ ಬರುವಷ್ಟರಲ್ಲಿ ಜರಿಸೀರೆಯವಳೊಬ್ಬಳು ಅವನ ಎಲೆಯ ಮುಂದೆ ಬಗ್ಗಿ ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುತ್ತಿದ್ದಳು.

"ಇನ್ನೊಂದು ಹಾಕಿಸ್ಕೊಳ್ಳಿ. ನನಗೋಸ್ಕರ."

ಗಂಗರತ್ನಮ್ಮನ ಮೈ ಉರಿಯಿತು. ಜರಿಸೀರೆಯವಳು ಅತ್ತ ಹೋದದ್ದೇ ತಡ, ಇವಳು ಗಂಡನ ಎದುರು ನಿಂತಳು.

"ಯಾರ್ರೀ ಅವ್ಳು?"

"ನಂಗೇನ್ ಗೊತ್ತು? ಮದ್ವೆ ಯಾರ್ದು ಅಂತಾನೂ ಗೊತ್ತಿಲ್ಲ." ಅವನು ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದ. "ಹೆಣ್ಣಿನೋರು ನನ್ನನ್ನ ಗಂಡಿನ ತಾತ ಅನ್ಕೊಂಡವ್ರೆ. ಗಂಡಿನೋರು ಹೆಣ್ಣಿನ ತಾತ ಅಂತ. ಮೊದಲ್ನೇ ಪಂಕ್ತೀಲಿ ಕೂತು ಮೂರನೇದ್ರಲ್ಲಿ ಏಳ್ತೀನಿ. ಚೆಲ್ಲಿದ್ರೂ ಯಾರೂ ನೋಡಲ್ಲ ಕಣೇ. ಇಲ್ಲಿ ಎಲ್ಲಾರೂ ಚೆಲ್ತಾರೆ."

ಅವಳಿಗೆ ಅಳುವೂ ಬಂತು, ಭಯವೂ ಆಯಿತು. ಸಿಕ್ಕಿಬಿದ್ದರೆ ತಮ್ಮೂರು ಕ್ಯಾಲನೂರಿನಲ್ಲಿ ತಲೆ ಎತ್ತುವ ಹಾಗಿಲ್ಲ.

"ಕರೀದಿರೋ ಮದ್ವೇಲಿ ಊಟನಾ? ಏಳ್ರೀ ಮೊದ್ಲು!" ಎಂದು ರಟ್ಟೆ ಹಿಡಿದು ಎಳೆದಳು.

ಪಕ್ಕದ ಎಲೆಯಲ್ಲಿ ಪಾಯಸ ಸವಿಯುತ್ತಿದ್ದವರೊಬ್ಬರು ಗಾಬರಿಯಾಗಿ ತಲೆಯೆತ್ತಿದರು.

"ಮೆಲ್ಲಗಮ್ಮಾ," ಎಂದು ಪಿಸುಗುಟ್ಟಿದರು ಡಾಕ್ಟರ್ ಶ್ರೀಧರ್. "ನನ್ನನ್ನೂ ಯಾರೂ ಕರೆದಿಲ್ಲ."