ತುಪ್ಪಳದ ಹಾಸಿಗೆ

ಸಂಶೋಧನಾ ವಿದ್ಯಾರ್ಥಿನಿ ಪ್ರಾರ್ಥನಾ ಮೊಲದ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರೆ, ಮೊಲಗಳನ್ನು ನೋಡಿಕೊಳ್ಳುವ ಜಲಜಾ ಅದನ್ನು ಮೇಜಿನ ಮೇಲೆ ಅವುಚಿ ಹಿಡಿದಿದ್ದಳು. ವಡೋದರದ ಈ ಪ್ರಯೋಗಾಲಯದಲ್ಲಿ ಮೊಲದ ಗರ್ಭನಾಳಕ್ಕೆ ಜೆಲ್ ತುಂಬಿ ಬಸಿರು ತಡೆದಿದ್ದರು. ಆಮೇಲೆ ಅದನ್ನು ಕರಗಿಸಿ, ಮತ್ತೆ ಬಸಿರು ನಿಲ್ಲುತ್ತದೆಯೇ ಎಂದು ಕಾಯುತ್ತಿದ್ದರು. ಬೆಳಿಗ್ಗೆ ಮೊಲ, ಮರಿ ಹಾಕುವ ಮುನ್ನ ಮಾಡುವಂತೆ, ತನ್ನ ಹೊಟ್ಟೆಯ ತುಪ್ಪಳವನ್ನು ತಾನೇ ಕಿತ್ತು ಗೂಡಿನೊಳಗಿನ ಪೆಟ್ಟಿಗೆಯಲ್ಲಿ ಹಾಸಿದ್ದನ್ನು ಕಂಡು ಜಲಜಾ ಕುಣಿದುಬಿಟ್ಟಿದ್ದಳು. ಉಡುಪಿ ಹೋಟೆಲಿನಲ್ಲಿ ಗಂಡನ ಕೆಲಸ ಗಟ್ಟಿಯಾಗುವವರೆಗೆ ಮಕ್ಕಳು ಬೇಡವೆಂದು ತಾನು ಹಾಕಿಸಿಕೊಂಡಿದ್ದ ಕಾಪರ್-ಟಿ ತೆಗೆಸಿ ವರ್ಷಗಳೇ ಕಳೆದರೂ ಬಸಿರು ನಿಂತಿರಲಿಲ್ಲ. ಈ ಮೊಲಕ್ಕೆ ನಿಂತರೆ ತನಗೂ ನಿಂತೀತು ಎಂದು ಒಳಗೊಳಗೇ ನಂಬಿಕೊಂಡಿದ್ದಳು.

"ಏನೂ ಇಲ್ಲ ಜಲಜಕ್ಕಾ, ಸುಳ್ಳು ಬಸಿರು," ಎಂದಳು ಪ್ರಾರ್ಥನಾ. "ಮೊಲಗಳಿಗೆ ಹೀಗೂ ಆಗತ್ತೆ."

"ಸರೀ ನೋಡಿ ಮೇಡಂ. ಒತ್ತಿದ್ದು ಸಾಕಾಗ್ಲಿಲ್ಲ."

"ಅಯ್ಯೋ, ಪಿಎಚ್‌ಡಿ ನನ್ದು, ಆಸೆ ನಿಮ್ದು!" ಪ್ರಾರ್ಥನಾ ನಕ್ಕು ಕೈ ತೊಳೆಯಲು ಹೋದಳು. "ಮುಂದಿನ ತಿಂಗಳು ಮತ್ತೆ ಗಂಡಿನ ಜೊತೆ ಬಿಡೋಣ. ಆ ಪೆಟ್ಟಿಗೆ ತೆಗೆದು ತೊಳೆದುಬಿಡಿ."

ಜಲಜಾಳಿಗೆ ಸಿಟ್ಟು ನೆತ್ತಿಗೇರಿತು. ಮೊಲವನ್ನು ಗೂಡಿಗೆ ಬಿಟ್ಟು ಪೆಟ್ಟಿಗೆಗೆ ಕೈ ಹಾಕಿದಳು. ಅಷ್ಟರಲ್ಲಿ ಮೊಲ ಅವಳ ಕೈಯನ್ನು ದಾಟಿ ಪೆಟ್ಟಿಗೆಯೊಳಗೆ ಹಾರಿತು. ಹೊಟ್ಟೆಯಿಂದ ಇನ್ನೊಂದು ಹಿಡಿ ತುಪ್ಪಳ ಕಿತ್ತು, ಬರಿದಾದ ಮೂಲೆಯಲ್ಲಿ ಮೂತಿಯಿಂದ ಮೆತ್ತಗೆ ಒತ್ತಿತು.

"ತೆಗೆದ್ರಾ ಜಲಜಕ್ಕಾ?"

ಜಲಜಾ ಕೈ ಹಿಂದಕ್ಕೆ ತೆಗೆದು ಗೂಡಿನ ಚಿಲಕ ಹಾಕಿದಳು.

"ಇವತ್ತೊಂದು ದಿನ ಇರ್ಲಿ ಮೇಡಂ. ಸುಳ್ಳು ಬಸಿರು ಅಂತ ಅದಕ್ಕಿನ್ನೂ ಯಾರೂ ಹೇಳ್ಲಿಲ್ಲ."